ತೂಕ ನೋಡಿ ಕೂರಿಸಿದ ಅಯೋಡಿನ್

ಸ್ಟಾಫ್‌ರೂಮು, ಕಿಟಕಿ ಪಕ್ಕದ ನಿನ್ನ ಮೇಜು
ಶನಿವಾರ, ಆಗಸ್ಟ್ ೯

ನನ್ನ ಅಕ್ಕನಿಗೆ,

ಗಂಟಲಿನ ಹೊಲಿಗೆ ಬಿಚ್ಚಿದರೆಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. ನುಂಗುವಾಗ ಇನ್ನೂ ನೋವಿದೆಯೇ? ಏನೇ ಕುಡಿದರೂ ಆರಿಸಿ ಕುಡಿ, ನಿನಗೆ ಎಲ್ಲದಕ್ಕೂ ಅವಸರ. ದನಿ ಇನ್ನು ಪಿಸುಮಾತಿಗಿಂತ ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೇ ನೀನು ರಾಜೀನಾಮೆ ಬರೆದು, ಹೆಡ್‌ಮಿಸ್‌ಗೆ ಕೊಡು ಎಂದು ನನಗೆ ಕಳಿಸಿದೆ. ದನಿಯಿಲ್ಲದ ಟೀಚರು ಯಾರಿಗೆ ಬೇಕು ಎಂದು ಜೊತೆಗೊಂದು ಚೀಟಿ ಬೇರೆ. ಅದಕ್ಕೆ ಉತ್ತರಿಸುವ ಮೊದಲು ಈ ವಾರದ ಸುದ್ದಿ ಕೇಳು.

ನಿನ್ನ ಹತ್ತನೇ ತರಗತಿಗೆ ಬದಲಿ ಟೀಚರು ಸಿಗಲಿಲ್ಲ. ನೀನು ಅರ್ಧಕ್ಕೆ ಬಿಟ್ಟ ಆವರ್ತ ಕೋಷ್ಟಕದ ಪಾಠಕ್ಕೆ, ಕನ್ನಡ ಪದ್ಯ ಹೇಳಿಕೊಡುವ ನನ್ನನ್ನೇ ಹೆಡ್‌ಮಿಸ್ ತಳ್ಳಿದರು. ನಿನ್ನ ಬೀರುವಿನಲ್ಲಿ ಶೂ ಡಬ್ಬದ ರಟ್ಟು ಕತ್ತರಿಸಿ ಮಾಡಿದ ಕಾರ್ಡುಗಳಿದ್ದವು. ಮುಂದೆ ಧಾತುವಿನ ಹೆಸರು, ತೂಕ, ಗುಣ. ಬೆನ್ನಿಗೆ ಒಂದು ಸಂಖ್ಯೆ. ಬೆಂಚು ಸರಿಸಿ, ಮಕ್ಕಳ ಕೈಯಲ್ಲಿ ಅವನ್ನು ನೆಲಕ್ಕೆ ಹಾಸಿಸಿದೆ. ನನಗೆ ಗೊತ್ತಿರುವ ದಾರಿಯಲ್ಲೇ ಹೇಳಿಕೊಟ್ಟೆ. ಅಡ್ಡಸಾಲಿನಲ್ಲಿ ಹೋದಂತೆ ಲೋಹದ ಗುಣ ಮೆಲ್ಲಗೆ ಕಳೆಯುತ್ತದೆ. ಹೊಸ ಸಾಲು ಹಿಡಿದರೆ ಮೊದಲಿನ ಗುಣ ಮತ್ತೆ ಬರುತ್ತದೆ, ಹಳೆಯ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದರ ಕೆಳಗೊಂದು ಹೊಂದಿಕೊಂಡು ನಿಲ್ಲುವ ಹಾಗೆ. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ಮೂರೂ ನೀರು ಕಂಡರೆ ಸಿಡುಕುವ ಒಂದೇ ಮನೆಯ ಮಕ್ಕಳು. ಪ್ರಾಸ ಕೂತಿತೆಂದು ಹಿಗ್ಗಿದೆ.

ಆಮೇಲೆ ಎಡವಿದೆ. ತೂಕ ಏರುವ ಕ್ರಮದಲ್ಲೇ ಇಡಿ ಎಂದಿದ್ದೆನಲ್ಲ, ಅಯೋಡಿನ್ ಟೆಲ್ಯೂರಿಯಂಗಿಂತ ಒಂದಿಷ್ಟು ಹಗುರ, ಹಾಗಾಗಿ ಅದನ್ನೇ ಮೊದಲು ಕೂರಿಸಿದೆ. ನೀನು ದಿನಾ ಬೈಯುವ ಆ ಬಾಯಿಬಡುಕಿ ಕೊನೆ ಬೆಂಚಿನಿಂದ ಎದ್ದು ಬಂದಳು. "ಟೀಚರ್, ಅಯೋಡಿನ್‌ನ ಗಂಧಕದ ಮನೆಗೆ ಕಳಿಸಿಬಿಟ್ರಲ್ಲ. ಅದು ಕ್ಲೋರಿನ್, ಬ್ರೋಮಿನ್ ಕೆಳಗೆ ಕೂರ್ಬೇಕು" ಎಂದಳು. ತೂಕ ಕಡಿಮೆಯಿದೆಯಲ್ಲೇ ಎಂದೆ. ಅವಳು ಎರಡೂ ಕಾರ್ಡು ಮಗುಚಿದಳು. ಟೆಲ್ಯೂರಿಯಂಗೆ ೫೨, ಅಯೋಡಿನ್‌ಗೆ ೫೩. ಅದು ಪರಮಾಣುವಿನ ಒಡಲಿನಲ್ಲಿರುವ ಪ್ರೋಟಾನುಗಳ ಎಣಿಕೆಯಂತೆ, ಹೋದ ವರ್ಷವೇ ಓದಿದ್ದಂತೆ. ಜಾಗ ಗೊತ್ತುಮಾಡುವುದು ಅದೇ, ತೂಕವಲ್ಲವಂತೆ. ಪದ್ಯದ ಟೀಚರಿಗೆ ಅಷ್ಟೂ ಗೊತ್ತಿಲ್ಲ ಎಂದು ಹಿಂದಿನಿಂದ ಯಾರೋ ಗೊಣಗಿದರು, ನಿಜವೇ ತಾನೆ.

ಜಾಗದ ಈ ಗುಟ್ಟನ್ನು ಯಾರು ಹೇಳಿದರೆಂದು ಅವಳನ್ನು ಕೇಳಿದೆ. ಯಾರೂ ಹೇಳಲಿಲ್ಲವಂತೆ. ನೀನು ರಜೆ ಹಾಕುವ ಹಿಂದಿನ ದಿನ, ಗಂಟಲು ಪೂರ್ತಿ ಕಟ್ಟಿದ್ದಾಗ, ತುಟಿ ಬಿಚ್ಚದೆ ಕಾರ್ಡು ಮಗುಚಿ ಮಗುಚಿ ಬೆನ್ನಿನ ಸಂಖ್ಯೆಯ ಕ್ರಮಕ್ಕೆ ಇಟ್ಟೆಯಂತೆ. "ಅವತ್ತು ಅವರು ಏನೂ ಹೇಳ್ಲಿಲ್ಲ ಟೀಚರ್, ಅದಕ್ಕೇ ನಾವೇ ನೋಡ್ಬೇಕಾಯ್ತು."

ಇಪ್ಪತ್ತು ವರ್ಷದಿಂದ ಗಂಟಲು ಹರಿಯುವಂತೆ ಪದ್ಯ ಹೇಳುತ್ತಿದ್ದೇನೆ, ಅಕ್ಕ. ನನ್ನ ಒಂದು ಪಾಠವನ್ನೂ ಯಾರೂ ಹೀಗೆ ಬೆರಳ ತುದಿಯಲ್ಲಿ ಇಟ್ಟುಕೊಂಡದ್ದು ಕಂಡಿಲ್ಲ. ಹೊಟ್ಟೆಕಿಚ್ಚಾಯಿತು, ಖುಷಿಯೂ ಆಯಿತು.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ. ಮಾತ್ರೆ ತಪ್ಪಿಸಬೇಡ, ಬೇಗ ಗೆಲುವಾಗು.

ನಿನ್ನ ತಂಗಿ

ತಾ.ಕ.: ಬೆಲ್ ಹೊಡೆಯಿತು, ಬೇಗ ಬರೆಯುತ್ತೇನೆ. ನಿನ್ನ ರಾಜೀನಾಮೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಹುಡುಗಿ ಹೇಳಿದ್ದನ್ನು ಹೆಡ್‌ಮಿಸ್‌ಗೆ ಹೇಳಿದೆ. ಮುಂದಿನ ತಿಂಗಳ ಒಂದನೇ ತಾರೀಕು, ಸೋಮವಾರ, ಎರಡನೇ ಪೀರಿಯಡ್‌ಗೆ ನಿನ್ನ ಹೆಸರು ಬರೆದಿದ್ದಾರೆ. ಸಿಟ್ಟಿದ್ದರೆ ಬಂದು ಬೈಯಿ. ಪಿಸುಮಾತಿನಲ್ಲಿ ಬೈದರೂ ಕೇಳುವಷ್ಟು ಹತ್ತಿರ ಕೂರುತ್ತೇನೆ.