ಹೇಳದ ಹೆಸರು

ಅಮ್ಮಾ,

ಇವತ್ತು ಆಸ್ಪತ್ರೆಗೆ ತ್ಸೋಸಿ ಮನೆಯ ಅಜ್ಜಿ ಮರೆವಿನ ಪರೀಕ್ಷೆಗೆ ಬಂದಿದ್ದಳು. ದುಭಾಷಿ ನಾನೇ. ಡಾಕ್ಟರು ಹಿಂದೆ ನಿನ್ನನ್ನು ಕೇಳಿದ್ದನ್ನೇ ಅವಳನ್ನೂ ಕೇಳಿದರು: "ನಿಮ್ಮ ತಾಯಿಯ ಹೆಸರೇನು?"

ಅಜ್ಜಿ ನೆಲ ನೋಡುತ್ತಾ ಕೂತಳು. ಆಮೇಲೆ ನಮ್ಮ ನವಾಹೋ ಮಾತಲ್ಲಿ ನನಗೆ ಹೇಳಿದಳು: "ಸತ್ತೋರ ಹೆಸರು ಬಾಯಲ್ಲಿ ತರಬಾರದು ಅಂತ ಈ ಹುಡುಗನಿಗೆ ಹೇಳೇ. ಇಷ್ಟು ಓದಿದಾನೆ, ಅಷ್ಟೂ ಗೊತ್ತಿಲ್ವಾ? ಬೇಕಾದ್ರೆ ನನ್ನ ಕುರೀಲಿ ಯಾವುದು ಯಾವುದರ ಮರಿ ಅಂತ ಕೇಳಲಿ. ನಲವತ್ತರದ್ದೂ ಹೇಳ್ತೀನಿ."

ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ, "ಸರಿ, ಕುರಿಗಳಿಂದಲೇ ಶುರುಮಾಡೋಣ" ಅಂದರು. ಸಂಜೆ ಹೊತ್ತಿಗೆ ಅಜ್ಜಿ ತನ್ನ ಕುರಿಗಳ ಹತ್ತಿರ ವಾಪಸ್ಸು ಹೋದಳು.

ನೀನೂ ನಿನ್ನ ಪರೀಕ್ಷೆಯ ದಿನ ಹೀಗೇ ನೆಲ ನೋಡುತ್ತಾ ಕೂತಿದ್ದೆ. ಯಾಕೆ ಅಂತ ನನಗೆ ಗೊತ್ತಿತ್ತು. ಆದರೂ ಬಿಳಿಯರ ಬೋರ್ಡಿಂಗ್ ಶಾಲೆಯಲ್ಲಿ ಕಲಿತ ಚಂದದ ಇಂಗ್ಲಿಷಿನಲ್ಲಿ ನಾನು ಡಾಕ್ಟರಿಗೆ, "ಅವಳಿಗೆ ನೆನಪಿಲ್ಲ" ಅಂದುಬಿಟ್ಟೆ. ಆ ಮಾತಿನ ಮೇಲೆ ನಿನ್ನನ್ನು ಸೇರಿಸಿದ ಪಟ್ಟಣದ ವೃದ್ಧಾಶ್ರಮದಲ್ಲಿ, ಕೊನೆಯ ದಿನದವರೆಗೂ ನಿನ್ನ ಕಿಟಕಿಯಿಂದ ಕಾಣುತ್ತಿದ್ದದ್ದು ಕಾರು ನಿಲ್ಲಿಸುವ ಜಾಗ ಮಾತ್ರ.

ಹೋದವರನ್ನು ಹೆಸರು ಹಿಡಿದು ಕರೆಯಬಾರದು ಅಂತ ನೀನೇ ಕಲಿಸಿದ್ದು. ಅದಕ್ಕೇ ಇದನ್ನು ಕಳಿಸುವುದಿಲ್ಲ. ಲಕೋಟೆಯ ಮೇಲೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ನೋಡಿದವರು ನನಗೆ ನೆನಪಿಲ್ಲ ಅಂದುಕೊಳ್ಳಲಿ.