ರೇನೋನ ಬಿಡುಗಡೆ ಪತ್ರ

ಎಸ್ಕನಾಬಾ, ಮಿಶಿಗನ್
9 ಮಾರ್ಚ್ 2026

ಪ್ರೀತಿಯ ಎಲ್ಮಾ ಅಕ್ಕನಿಗೆ,

ವೆರ್ಲಿನ್ ಮಾಡುವ ನಮಸ್ಕಾರಗಳು. ನಿಮ್ಮ ಎರಡು ಕಾಗದಗಳೂ, ಏಲಕ್ಕಿ ಬ್ರೆಡ್ಡೂ ತಲುಪಿದವು. ನಿಮ್ಮ ತಮ್ಮ ರೇನೋ ಹೋದ ಸುದ್ದಿಯನ್ನು ಫೋನಿನಲ್ಲಿ ನಾಲ್ಕೇ ಮಾತಿನಲ್ಲಿ ಹೇಳಿ ಇಟ್ಟವನು ಏಳು ವಾರ ಒಂದು ಸಾಲೂ ಬರೆಯಲಿಲ್ಲ. ತಪ್ಪಾಯಿತು. ಮಂಡಿನೋವು ಇಟ್ಟುಕೊಂಡು ಆ ಹಿಮದಲ್ಲಿ ಡುಲೂತ್‌ನಿಂದ ನಿಮಗೆ ಬರಲಾಗಲಿಲ್ಲವೆಂದು ಕೊರಗಬೇಡಿ. ಬಂದಿದ್ದರೂ ನೋಡುವಂಥದ್ದೇನೂ ನಡೆಯಲಿಲ್ಲ. ಬೂದಿ ಇನ್ನೂ ಮನೆಯಲ್ಲೇ ಇದೆ.

ಹೇಗೆ ಹೋದ ಎಂದು ಕೇಳಿದ್ದೀರಿ. ಶ್ವಾಸಕೋಶ. ಹಡಗಿನ ಬಾಯ್ಲರ್ ಕೋಣೆಯಲ್ಲಿ ಎಂಟು ವರ್ಷ ಕಲ್ನಾರಿನ ಧೂಳು ಕುಡಿದಿದ್ದ. ಕೊನೆಯ ವರ್ಷ ಅಡುಗೆಮನೆಯಿಂದ ಬಾಗಿಲವರೆಗೆ ಬರಲು ಎರಡು ಸಲ ನಿಲ್ಲುತ್ತಿದ್ದ. ನಿಂತಾಗ ಕಿಟಕಿಯಾಚೆ ಏನೋ ನೋಡುತ್ತಿರುವಂತೆ ನಟಿಸುತ್ತಿದ್ದ.

ನೌಕಾಪಡೆ ನಮ್ಮನ್ನು ಹೊರಹಾಕಿದ ಕಥೆ ನಿಮಗೆ ಗೊತ್ತು. ಗಂಡಸರಿಬ್ಬರು ಪ್ರೀತಿಸಿದ್ದೇ ಅಪರಾಧವೆಂದು 1986ರಲ್ಲಿ ಸೇನಾ ನ್ಯಾಯಾಲಯ ಐದೈದು ತಿಂಗಳು ಸೆರೆಯಲ್ಲಿಟ್ಟು, ಅಗೌರವದ ಬಿಡುಗಡೆ ಪತ್ರ ಕೊಟ್ಟು ಕಳಿಸಿತು. ಆ ಪತ್ರ ಇದ್ದವನಿಗೆ ಮಾಜಿ ಸೈನಿಕರ ಆಸ್ಪತ್ರೆಯಿಲ್ಲ, ಪಿಂಚಣಿಯಿಲ್ಲ, ಸತ್ತರೆ ಸೈನಿಕರ ಸ್ಮಶಾನದಲ್ಲಿ ಜಾಗವೂ ಇಲ್ಲ.

ಎರಡು ವರ್ಷದ ಹಿಂದೆ ಜೂನ್‌ನಲ್ಲಿ, ನಮ್ಮಂಥವರಿಗೆಲ್ಲ ಅಧ್ಯಕ್ಷರು ಕ್ಷಮಾದಾನ ಕೊಟ್ಟಿದ್ದಾರೆಂದು ರೇಡಿಯೋದಲ್ಲಿ ಕೇಳಿದೆ. ಮೀನಿನ ಶೆಡ್ಡಿನಲ್ಲಿದ್ದೆ. ಕೈ ಕೂಡ ಸರಿಯಾಗಿ ತೊಳೆಯದೆ ಮನೆಗೆ ಓಡಿದೆ. ರೇನೋ ಪೂರ್ತಿ ಕೇಳಿಸಿಕೊಂಡು, "ಅವರು ನನ್ನ ಕ್ಷಮಿಸಿದ್ರಂತಾ? ನಾನಿನ್ನೂ ಅವರನ್ನ ಕ್ಷಮಿಸಿಲ್ವಲ್ಲೋ" ಅಂದ. ಆಮೇಲೆ, ಆಸ್ಪತ್ರೆ ಸಿಗುತ್ತದೆಯೇ ಎಂದು ಕೇಳಿದ.

ಮಾಜಿ ಸೈನಿಕರಿಗೆ ಅರ್ಜಿ ಬರೆದುಕೊಡುವ ಕೊರಿನ್ ಎಂಬ ಹೆಂಗಸು ಇಲ್ಲಿದ್ದಾಳೆ, ಅವಳೂ ಸೈನ್ಯದಲ್ಲಿದ್ದವಳೇ. ಅವಳ ಬಳಿ ಹೋದೆವು. ಅವಳು ಆಸೆ ತೋರಿಸಲಿಲ್ಲ. "ನೋಡಿ ಅಣ್ಣಾ, ಕ್ಷಮಾದಾನ ಬಂದ ಮಾತ್ರಕ್ಕೆ ಆಸ್ಪತ್ರೆ ಸಿಗಲ್ಲ. ಮೊದಲು ಅದರ ಪ್ರಮಾಣಪತ್ರ ತಗೋಬೇಕು. ಅದನ್ನ ತೋರಿಸಿ ಬಿಡುಗಡೆ ಪತ್ರ ಬದಲಾಯಿಸ್ಕೋಬೇಕು. ಅದು ಬದಲಾದ್ಮೇಲೇ ಮಿಕ್ಕಿದ್ದೆಲ್ಲ" ಅಂದಳು. ರೇನೋ ಅವಳಿಗೆ, ಹೊರಹಾಕುವಾಗ ಇಷ್ಟು ಮೆಟ್ಟಿಲು ಇರಲಿಲ್ಲ ಕಣಮ್ಮಾ ಅಂದ.

ಪ್ರಮಾಣಪತ್ರಗಳು ಅಕ್ಟೋಬರಿನಲ್ಲಿ ಬಂದವು. ಅವನು ತನ್ನದನ್ನು ಎರಡು ಸಲ ಓದಿ, ಹೊರಗೆ ಹೋಗಿ ದೋಣಿಯ ತಳ ಉಜ್ಜಲು ಕೂತ. ಒಂದು ಗಂಟೆ ಒಳಗೆ ಬರಲಿಲ್ಲ.

ಬಿಡುಗಡೆ ಪತ್ರದ ಅರ್ಜಿಗಳನ್ನು ಡಿಸೆಂಬರಿನಲ್ಲಿ ಒಂದೇ ದಿನ ಅಂಚೆಗೆ ಹಾಕಿದೆ. ಮುಂದಿನ ಆಗಸ್ಟಿನಲ್ಲಿ ನನ್ನದು ಬಂತು: ಗೌರವದ ಬಿಡುಗಡೆ. ಅವನದು ಬರಲಿಲ್ಲ.

ಸೆಪ್ಟೆಂಬರಿನಲ್ಲಿ ನನ್ನ ತಪಾಸಣೆಗೆಂದು ಆಸ್ಪತ್ರೆಗೆ ಹೋದಾಗ ಅವನನ್ನೂ ಕರೆದುಕೊಂಡು ಹೋದೆ, ಯಾರಿಗಾದರೂ ಕನಿಕರ ಬಂದೀತೆಂದು. ಕೌಂಟರಿನ ಹುಡುಗಿ ಎರಡು ಸಲ ಹುಡುಕಿ, ಇವರ ಹೆಸರು ಬರುತ್ತಿಲ್ಲ ಎಂದಳು, ಪಾಪ, ಮುಖ ಸಣ್ಣದು ಮಾಡಿಕೊಂಡು. ನಾನು ಬಾಯಿ ತೆರೆಯುವಷ್ಟರಲ್ಲಿ ರೇನೋ, "ನಾನು ಇವನ ಡ್ರೈವರು ಬಿಡವ್ವಾ" ಅಂದು ಬೆಂಚಿನ ಮೇಲೆ ಕೂತ. ಒಳಗೆ ಡಾಕ್ಟರು ನನ್ನ ಎದೆಗೆ ಯಂತ್ರವಿಟ್ಟು, ಈ ವಯಸ್ಸಿಗೆ ಇಂಥ ಶ್ವಾಸಕೋಶ ಅಪರೂಪ ಎಂದು ಹೊಗಳಿದರು. ಅವನು ಕೆಮ್ಮುವುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

ಜನವರಿ ಹತ್ತೊಂಬತ್ತರ ಮಧ್ಯಾಹ್ನ ಹೋದ. ಸೂಪು ಬೇಡವೆಂದ, ದಿಂಬು ಎತ್ತರಿಸು ಎಂದ. ಎತ್ತರಿಸುತ್ತಿದ್ದಂತೆ ನನ್ನ ತೋಳಿನ ಮೇಲೇ ತಲೆ ವಾಲಿತು. ನಲವತ್ತು ವರ್ಷ ಜೊತೆಯಲ್ಲಿದ್ದವನು ಹೋಗುವುದಕ್ಕೆ ಅರ್ಧ ನಿಮಿಷವೂ ತೆಗೆದುಕೊಳ್ಳಲಿಲ್ಲ.

ಅರ್ಜಿದಾರ ಸತ್ತದ್ದರಿಂದ ಕಡತ ಮುಚ್ಚಿದ್ದೇವೆ ಎಂದು ನೌಕಾಪಡೆಯ ಕಚೇರಿಯಿಂದ ಪತ್ರ ಬಂತು. ಹತ್ತಿರದ ಸಂಬಂಧಿ ಯಾರಾದರೂ ಮತ್ತೆ ಕೇಳಬಹುದಂತೆ. ನಾನು ಸಂಬಂಧಿಯಲ್ಲ. ನಮ್ಮಂಥವರ ಮದುವೆಗೆ ಕಾನೂನು ಒಪ್ಪಿದ ಮೇಲೆ, ಮದುವೆಯಾಗೋಣವೆಂದು ಎಷ್ಟೋ ಸಲ ಹೇಳಿದೆ. ಸರ್ಕಾರದ ಇನ್ನೊಂದು ಕಾಗದ ನನಗೆ ಬೇಡವೆಂದುಬಿಟ್ಟ. ಈಗ ಉಳಿದಿರುವುದು ನೀವೊಬ್ಬರೇ. ಕೊರಿನ್ ತುಂಬಿಸಿದ ಅರ್ಜಿಯನ್ನೂ ದಾಖಲೆಗಳನ್ನೂ ಇದರ ಜೊತೆ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಮೂರು ಕಡೆ ನಿಮ್ಮ ಸಹಿ ಬೇಕು. ಇನ್ನೊಂದು ವರ್ಷವಾದರೂ ಆಗಬಹುದಂತೆ. ಸಿಕ್ಕರೆ ಸೈನಿಕರ ಸ್ಮಶಾನದಲ್ಲಿ ಒಂದು ಬಿಳಿಯ ಕಲ್ಲು, ಅದರ ಮೇಲೆ ಅವನ ಹೆಸರು. ಅಷ್ಟೇ. ಉಸಿರಂತೂ ಬರುವುದಿಲ್ಲ.

ನನ್ನ ಆಸ್ಪತ್ರೆಯ ಕಾರ್ಡು ಡ್ರಾಯರಿನಲ್ಲಿದೆ. ಎರಡು ಸಲ ಕರೆ ಬಂತು, ಹೋಗಲಿಲ್ಲ. ಶೆಡ್ಡಿಗೂ ಹೋಗುತ್ತಿಲ್ಲ. ಬೆಳಿಗ್ಗೆ ಎದ್ದು ಎರಡು ಲೋಟಕ್ಕೆ ಕಾಫಿ ಬಗ್ಗಿಸುತ್ತೇನೆ, ಒಂದನ್ನು ಚೆಲ್ಲುತ್ತೇನೆ. ಇದಕ್ಕಿಂತ ಹೆಚ್ಚಿನ ಕೆಲಸ ನನ್ನಿಂದ ಆಗುತ್ತಿಲ್ಲ ಅಕ್ಕ.

ನಿಮ್ಮ ಮಂಡಿ ಬೇಗ ವಾಸಿಯಾಗಲಿ. ಮೊಮ್ಮಕ್ಕಳು ನಿಮ್ಮ ಕಣ್ಣೆದುರೇ ದೊಡ್ಡವರಾಗಲಿ. ಅವನ ಪಾಲಿಗೆ ಬರಬೇಕಾಗಿದ್ದ ವರ್ಷಗಳೆಲ್ಲ ನಿಮಗೆ ಸೇರಲಿ.

ನಿಮ್ಮ
ವೆರ್ಲಿನ್

ಮರೆತದ್ದು: ಮರೆತದ್ದಲ್ಲ, ಏಳು ವಾರ ಬರೆಯಲಾಗದೆ ಇದ್ದದ್ದು. ಅರ್ಜಿಗೆಂದು ಹಳೆಯ ವಿಚಾರಣೆಯ ದಾಖಲೆ ತರಿಸಿದ್ದೆವು. ಅವನ ಕಟ್ಟು ಬಂದ ದಿನ ರೇನೋ ಸ್ನಾನಕ್ಕೆ ಹೋಗಿದ್ದ. ನಾನೇ ಬಿಚ್ಚಿದೆ. ಹದಿನಾಲ್ಕನೆಯ ಪುಟದಲ್ಲಿ ನನ್ನ ಹೇಳಿಕೆಯಿತ್ತು. 1986ರಲ್ಲಿ ನೌಕಾಪಡೆಯವರಿಗೆ ಗೊತ್ತಿದ್ದದ್ದು ನನ್ನೊಬ್ಬನ ವಿಷಯ. ಮೂರು ದಿನ ಕೂಡಿಹಾಕಿ, ಇನ್ನೊಬ್ಬ ಯಾರೆಂದು ಹೇಳಿದರೆ ಮನೆಗೆ ಬಿಡುತ್ತೇವೆಂದರು. ನಾನು ಅವನ ಹೆಸರು ಹೇಳಿದೆ. ಹಡಗಿನ ಅಡುಗೆಯವನು ಯಾರೋ ಹೇಳಿರಬೇಕೆಂದು ರೇನೋ ನಲವತ್ತು ವರ್ಷ ನಂಬಿದ್ದ. ಆ ಪುಟವನ್ನು ಒಲೆಗೆ ಹಾಕಿದೆ. ಅವನು ಬಂದು, "ನನ್ನ ಹೆಸರು ಯಾರು ಹೇಳಿದ್ದು ಅಂತ ಇದೆಯೇನೋ ಅದ್ರಲ್ಲಿ?" ಎಂದು ಕೇಳಿದ. ಇಲ್ಲ ಅಂದೆ. ದಾಖಲೆ ಅಪೂರ್ಣವೆಂದು ಅವನ ಅರ್ಜಿ ಹಿಂದಿರುಗಿತು. ಪೂರ್ತಿ ಪ್ರತಿ ಮತ್ತೆ ತರಿಸುವುದಕ್ಕೆ ಏಳು ತಿಂಗಳು ಹಿಡಿಯಿತು. ಕಚೇರಿಯವರು ಕಳೆದುಹಾಕಿದರೆಂದು ಅವನಿಗೆ ಹೇಳಿದ್ದೆ. ಅವರನ್ನು ಬೈಯುತ್ತಲೇ ಹೋದ. ಅವನಿಗೆ ತೋರಿಸದ ಆ ಹೊಸ ಪ್ರತಿಯಲ್ಲಿ ಆ ಪುಟವಿದೆ, ಈ ಕಟ್ಟಿನಲ್ಲೇ ಇದೆ. ನಿಮ್ಮ ಸಹಿ ಹಾಕುವ ಮುನ್ನ ಓದಿ, ಅಕ್ಕ. ಅದರ ಕೆಳಗಿರುವ ಸಹಿ ನನ್ನದು.