ನಾಲ್ವರನ್ನು ಬಿಟ್ಟುಹೋದವನಿಗೆ

ಮನೆಯಿಂದ,
ಸೋಮವಾರ, ಮಧ್ಯಾಹ್ನದ ಊಟದ ಮೇಲೆ

ಕಂದಾ,

ಹಾಗೆ ಕರೆಯಬಾರದು ಅಂದುಕೊಂಡೇ ಬರೆಯಲು ಕೂತೆ, ಕೈ ಕೇಳಲಿಲ್ಲ. ಹೇಗಿದ್ದೀಯ? ಮಣಿಕಟ್ಟಿನ ನೋವು ಹೇಗಿದೆ? ನೀನು ಸೇರಿದ ಆ ಕ್ಲಬ್ಬಿನವರು ಡಾಕ್ಟರನ್ನು ಇಟ್ಟಿದ್ದಾರಂತೆ, ಅಡುಗೆಯವರನ್ನು ಇಟ್ಟಿದ್ದಾರಂತೆ, ಮನಸ್ಸಿಗೆ ಬೇಜಾರಾದರೆ ಸಮಾಧಾನ ಹೇಳುವವರನ್ನೂ ಇಟ್ಟಿದ್ದಾರಂತೆ. ಒಳ್ಳೆಯದೇ ಆಯಿತು. ಹೊತ್ತು ಹೊತ್ತಿಗೆ ತಿನ್ನು. ಕಂಪ್ಯೂಟರ್ ಪರದೆ ನೋಡುತ್ತಾ ತಿಂದರೆ ಹೊಟ್ಟೆಗೆ ಹೋದದ್ದೆಷ್ಟು ಅಂತಲೇ ನಿನಗೆ ಗೊತ್ತಾಗುವುದಿಲ್ಲ, ಚಿಕ್ಕವನಿದ್ದಾಗಿನಿಂದ ಅಷ್ಟೇ. ನಿಮ್ಮಪ್ಪ ಚೆನ್ನಾಗಿದ್ದಾರೆ. ಲಿಫ್ಟು ರಿಪೇರಿಗೆಂದು ಹತ್ತಿ ಇಳಿದು ಮೊಣಕಾಲು ಹಿಡಿದುಕೊಂಡಿದೆ. "ಊರನ್ನೆಲ್ಲ ಮೇಲಕ್ಕೆ ಕಳಿಸುವವನು ತಾನು ಎರಡು ಮೆಟ್ಟಿಲು ಹತ್ತಲಾರ ನೋಡು" ಅಂತ ತಾವೇ ನಗುತ್ತಾರೆ. ನನಗೇನು ಧಾಡಿ. ಶಾಲೆ ಶುರುವಾಗುವ ಕಾಲ, ಯೂನಿಫಾರಂ ಹೊಲಿದು ಹೊಲಿದು ಕಣ್ಣು ಉರಿಯುತ್ತವೆ, ಅಷ್ಟೇ.

ಪತ್ರಿಕೆಯಲ್ಲಿ ನಿನ್ನ ಸಂದರ್ಶನ ಓದಿದೆ. ಗಿರಾಕಿಯೊಬ್ಬಳು ತಂದು ಕೈಗಿಟ್ಟಳು, ಹೆತ್ತವಳಿಗೆ ಹೆಮ್ಮೆಯಾಗಲಿ ಅಂತ. "ಏನೂ ಇಲ್ಲದ ಕಡೆಯಿಂದ ಒಬ್ಬನೇ ಮೇಲೆ ಬಂದೆ" ಎಂದಿದ್ದೀಯ. ಒಬ್ಬನೇ ಯಾವಾಗ ಬಂದೆಯಪ್ಪಾ? ನನ್ನ ಹೊಲಿಗೆ ಕೋಣೆಯ ಅರ್ಧಕ್ಕೆ ಪರದೆ ಎಳೆದು, ಐದು ಹಳೇ ಕಂಪ್ಯೂಟರ್ ಇಟ್ಟು, ಐದು ಜನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಆ ಕಂಪ್ಯೂಟರ್ ಆಟಕ್ಕೆ ಕೂರುತ್ತಿದ್ದಿರಲ್ಲ, ಅದು ಏನೂ ಇಲ್ಲದ ಕಡೆಯೇ? ನೀನು, ಗೊಣಗ, ಮೌನಿ, ಆ ಅವಳಿಗಳಿಬ್ಬರು. ಪರದೆಯ ಈಚೆ ನನ್ನ ಮಿಷನ್ನಿನ ಸದ್ದು, ಆಚೆ ನಿಮ್ಮ ಕೂಗಾಟ. ಬ್ಲೌಸ್ ಅಳತೆ ಕೊಡಲು ಬಂದವರು ಒಳಗೆ ಜಗಳ ನಡೆದಿದೆಯೆಂದು ಬಾಗಿಲಿಂದಲೇ ವಾಪಸ್ ಹೋದದ್ದುಂಟು.

ಮೊದಲ ಪಂದ್ಯಕ್ಕೆ ಶಾಲಾ ಯೂನಿಫಾರಂನ ಉಳಿಕೆ ಬಟ್ಟೆಯಲ್ಲಿ ಐದು ಅಂಗಿ ಹೊಲಿದುಕೊಟ್ಟಿದ್ದೆ. ಎಂಟನೇ ಕ್ಲಾಸಿನ ಮಕ್ಕಳ ಕೈಲಿ ಸೋತು ಬಂದಿರಿ. "ಆಟ ಸಾಕು, ನಡೀರೋ, ಅಮ್ಮನ ಹತ್ರ ಗುಂಡಿ ಹೊಲಿಯೋದು ಕಲಿಯೋಣ" ಅಂದಿದ್ದ ಗೊಣಗ. ಆ ವರ್ಷ ನೀವು ಸೋಲದ ಜಾಗವೇ ಇರಲಿಲ್ಲ. ಮರುವರ್ಷ ಬಡಾವಣೆಯ ಕಪ್ಪು ಬಂತು, ಬಟ್ಟೆಯ ಬೀರುವಿನ ಮೇಲೆ ಇಟ್ಟೆವು. ಆಮೇಲೆ ಎರಡನೇ ದರ್ಜೆಯ ಲೀಗು. ಇಡೀ ಲೀಗಿನಲ್ಲಿ ಒಂದು ಪಂದ್ಯವೂ ಸೋಲದೆ ಮೊದಲ ದರ್ಜೆಗೆ ಏರಿದಿರಿ. ಯೂನಿಫಾರಂ ತಂಡ ಅಂತ ನಕ್ಕವರೇ ಅಂಥ ಅಂಗಿ ಎಲ್ಲಿ ಸಿಗುತ್ತೆ ಅಂತ ಕೇಳಿಕೊಂಡು ನನ್ನ ಅಂಗಡಿಗೆ ಬಂದರು. ನಿಮ್ಮಪ್ಪನೋ, "ಇದೂ ಒಂದು ಆಟವಾ?" ಅನ್ನುತ್ತಿದ್ದವರು, ರಿಪೇರಿಗೆ ಹೋದ ಲಿಫ್ಟಿನ ತಳದ ಹಳ್ಳದೊಳಗೆ ನಿಂತು ಮೊಬೈಲಿನಲ್ಲಿ ನಿಮ್ಮ ಆಟ ನೋಡಿ ಬೈಸಿಕೊಂಡು ಬಂದರು.

ದೊಡ್ಡ ಕಪ್ಪಿನ ಮೊದಲ ಫೈನಲ್ಲು ನೆನಪಿದೆಯೇ? ಮುಂದಿದ್ದವರು ಕೊನೆಯ ಸುತ್ತಿನಲ್ಲಿ ಕೈಚೆಲ್ಲಿದಿರಿ, ಅದೂ ಮೌನಿಯ ತಪ್ಪಿನಿಂದ. ಅವನು ಬಚ್ಚಲಮನೆ ಸೇರಿ ಚಿಲಕ ಹಾಕಿಕೊಂಡ. ನೀನು ಬಾಗಿಲ ಹೊರಗೆ ನೆಲದ ಮೇಲೆ ಕೂತು, "ನೀನಿಲ್ಲದೆ ನಾನು ಯಾವ ತಂಡಕ್ಕೂ ಆಡಲ್ಲ ಕಣೋ, ಬಾರೋ ಹೊರಗೆ" ಅಂದೆ. ನಾನು ಇಸ್ತ್ರಿ ಮಾಡುತ್ತಿದ್ದೆ, ಕೇಳಿಸಿತು. ಈ ಹುಡುಗ ಕಪ್ಪು ಗೆಲ್ಲದಿದ್ದರೂ ಚಿಂತೆಯಿಲ್ಲ, ಮನುಷ್ಯನಾಗಿದ್ದಾನೆ ಅಂದುಕೊಂಡೆ. ಮುಂದಿನ ಸಲ ಅದೇ ಕಪ್ಪನ್ನು ಗೆದ್ದಿರಿ, ಸೋತವರು ನಿನ್ನ ಈಗಿನ ಕ್ಲಬ್ಬಿನವರು. ಹೊರದೇಶದ ವಿಶ್ವ ಪಂದ್ಯಾವಳಿಗೆ ಕರೆ ಬಂತು. ಅವಳಿಗಳು ವಿಮಾನದಲ್ಲಿ ಕಿಟಕಿಯ ಸೀಟು ಯಾರಿಗೆ ಅಂತ ಕೈಕೈ ಮಿಲಾಯಿಸಿದರು.

ಆಗ ನೀನು ಮಣಿಕಟ್ಟಿಗೆ ಚಿಕಿತ್ಸೆ ಮಾಡಿಸಿಕೊಂಡು ಬರುತ್ತೇನೆ ಅಂತ ಹೊರಟೆ. ಚೀಲ ತುಂಬಿದವಳು ನಾನೇ. ಕೈಗೆ ಬೆಚ್ಚಗಿರಲೆಂದು ಮೆತ್ತನೆ ಬಟ್ಟೆಯ ಪಟ್ಟಿ ಹೊಲಿದು ಕೊಟ್ಟೆ. ಬೀದಿ ತಿರುವಿನವರೆಗೆ ಗೊಣಗ ಚೀಲ ಹೊತ್ತುಕೊಂಡು ಬಂದ. ವಾರ ಕಳೆದು ನಾವೆಲ್ಲ ಊಟಕ್ಕೆ ಕೂತಿದ್ದಾಗ ಅವಳಿಗಳಲ್ಲಿ ಒಬ್ಬ ಮೊಬೈಲ್ ನೋಡಿ ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟ. ಹೊಸ ಅಂಗಿ ತೊಟ್ಟು, ತೋಳು ಕಟ್ಟಿ, ಆ ಕ್ಲಬ್ಬಿನ ಹೆಸರಿನ ಮುಂದೆ ನಗುತ್ತಾ ನಿಂತಿದ್ದೆ ನೀನು. ನಮ್ಮ ತಂಡದ ಪಟ್ಟಿಯಲ್ಲಿ ಹೆಸರು ಬದಲಿಸುವ ಗಡುವು ಹಿಂದಿನ ದಿನವೇ ಮುಗಿದಿತ್ತು. ಬರೀ ನಾಲ್ವರನ್ನು ಆಡಲು ಬಿಡಲಿಲ್ಲ. ಖಾಲಿಯಾದ ಜಾಗ ಫೈನಲ್ಲಿನಲ್ಲಿ ಸೋತಿದ್ದ ಆ ಕ್ಲಬ್ಬಿನವರಿಗೇ ಹೋಯಿತು. ಅವರು ಹೊಸ ಪಟ್ಟಿ ಕೊಟ್ಟರು, ಅದರಲ್ಲಿ ನಿನ್ನ ಹೆಸರು ಮೊದಲು. ಈ ಹುಡುಗರ ಜಾಗದಲ್ಲೇ ಕೂತು ಹಾರಿ ಹೋದೆ.

ಅದಕ್ಕಿಂತ ಹೆಚ್ಚು ಏನು ಚುಚ್ಚಿತು ಗೊತ್ತೇ? ಗೊಣಗ ತಟ್ಟೆ ಸರಿಸಿ ನನ್ನ ಮುಖ ನೋಡಿ, "ಅಮ್ಮಾ, ನಿಮಗೆ ಮೊದಲೇ ಗೊತ್ತಿತ್ತಾ?" ಅಂದ. ಸದಾ ಗೊಣಗುವ ಹುಡುಗ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಇಲ್ಲಪ್ಪಾ ಅಂದೆ. ನಂಬಿದನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಚೀಲ ತುಂಬಿದ್ದು ನಾನಲ್ಲವೇ.

"ಇದು ವೃತ್ತಿ ಅಮ್ಮಾ, ಎಲ್ಲರೂ ಹೀಗೇ ಮಾಡೋದು" ಅಂತ ಎರಡು ಸಾಲು ಕಳಿಸಿದೆ. ಹೋಗುವುದು ತಪ್ಪೆಂದು ನಾನು ಹೇಳಿದೆನೇ? ರೆಕ್ಕೆ ಬಲಿತವರು ಹಾರಬೇಕು. ಆದರೆ ಕೂತ ಕೊಂಬೆಯನ್ನು ಕಡಿದು ಹಾರಬೇಕೇ? ನಾಲ್ಕು ದಿನ ಮೊದಲು ಬಾಯಿಬಿಟ್ಟಿದ್ದರೆ ಅವರು ಇನ್ನೊಬ್ಬನನ್ನು ಸೇರಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ನೀವು ಗೆದ್ದದ್ದಾದರೂ ಏನು? ಮೊದಲ ಸುತ್ತಿನಲ್ಲೇ ಸೋತು ಗಂಟುಮೂಟೆ ಕಟ್ಟಿದಿರಿ. ನಿಮ್ಮಪ್ಪ ಟಿವಿ ಆರಿಸಿ ತಾರಸಿಗೆ ಹೋಗಿ ನಿಂತರು. ಅಂದಿನಿಂದ ನಿನ್ನ ಹೆಸರೆತ್ತಿಲ್ಲ. "ಆ ಹುಡುಗ" ಅನ್ನುತ್ತಾರೆ, ಪಕ್ಕದ ಮನೆಯವನೇನೋ ಅನ್ನುವ ಹಾಗೆ.

ಇಲ್ಲಿ ಜಾಹೀರಾತು ಕೊಡುತ್ತಿದ್ದವರು ಕೈಬಿಟ್ಟರು. ಅವಳಿಗಳು ಗೋದಾಮಿನಲ್ಲಿ ಪೆಟ್ಟಿಗೆ ಹೊರಲು ಸೇರಿದರು. ಒಂದು ವರ್ಷ ಪರದೆಯಾಚೆ ಸದ್ದೇ ಇರಲಿಲ್ಲ, ನನ್ನ ಮಿಷನ್ನಿನ ಸದ್ದು ನನಗೇ ಹಿಂಸೆಯಾಗುತ್ತಿತ್ತು. ಕೊನೆಗೆ ಗೊಣಗನೇ ಎಲ್ಲರನ್ನೂ ಬೈದು ಎಳೆದುಕೊಂಡು ಬಂದ. ಐದನೆಯವಳಾಗಿ ಔಷಧಿ ಅಂಗಡಿಯ ಹುಡುಗಿ ಸೇರಿದಳು. ಎಲ್ಲರೂ ಮಾತ್ರೆ ಅಂತ ಕರೆಯುತ್ತಾರೆ. ನೋಡಲು ಅಷ್ಟೇ ಸಣ್ಣ, ಎದುರಾಳಿಗೆ ಅಷ್ಟೇ ಕಹಿ. ಮೌನಿ ಈಗ ನಾಯಕ. ಬಾಯಿ ಬಿಡದವನು ಆಟಕ್ಕೆ ಕೂತರೆ ಬೀದಿಗೆ ಕೇಳುವಂತೆ ಕೂಗುತ್ತಾನೆ. ಮತ್ತೆ ಕೆಳಗಿನ ದರ್ಜೆಯಿಂದ, ಮತ್ತೆ ಮೊದಲ ಸುತ್ತಿನ ಸೋಲಿನಿಂದ ಶುರು ಮಾಡಿದರು. ಹೋದ ವರ್ಷ ಮೇಲಿನ ದರ್ಜೆಗೆ ಬಂದರು. ಯಾವ ಸಂದರ್ಶನದಲ್ಲೂ ಯಾರೂ ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಿಲ್ಲ. ಕೇಳಿದರೆ, "ಚೆನ್ನಾಗಿ ಆಡ್ತಾನೆ" ಅಂತಾರೆ. ಆಡಬೇಕಾದ ಮಾತನ್ನೆಲ್ಲ ನಾನೇ ಆಡಬೇಕಾಗಿ ಬಂತು, ಅದಕ್ಕೇ ಈ ಕಾಗದ.

ಸಿಟ್ಟಿನಲ್ಲಿ ಬರೆದೆ ಅಂತ ಹರಿದು ಎಸೆಯಬೇಡ, ಇನ್ನೊಮ್ಮೆ ಓದು. ನಿದ್ದೆಗೆಡಬೇಡ. ಆಯುಸ್ಸು ಆರೋಗ್ಯ ಎರಡೂ ಗಟ್ಟಿಯಿರಲಿ. ಉಳಿದದ್ದನ್ನು ಹಾರೈಸಲು ಇನ್ನೂ ಮನಸ್ಸು ಬರುತ್ತಿಲ್ಲ, ಬಂದಾಗ ಬರೆಯುತ್ತೇನೆ.

ನಿನ್ನ ಅಮ್ಮ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ನಿನ್ನೆ ನಮ್ಮ ತಂಡದವರು ಸೆಮಿಫೈನಲ್ ಗೆದ್ದರು. ಬರುವ ಶನಿವಾರ ಕಪ್ಪಿಗೆ ನಿಮ್ಮ ಎದುರು ಕೂರುವವರು ಇವರೇ ಅಂತ ನಿನಗೂ ಗೊತ್ತಾಗಿರುತ್ತದೆ. ಮನೆಯವರ ಸಾಲಿನಲ್ಲಿ ಕೂರಲು ನೀನು ಕಳಿಸಿದ ಎರಡು ಟಿಕೆಟ್ ಇದರೊಳಗೇ ಇಟ್ಟಿದ್ದೇನೆ, ಬೇರೆ ಯಾರಿಗಾದರೂ ಕೊಡು. ನಿಮ್ಮಪ್ಪ ಬರುವುದಿಲ್ಲ. ನಾನು ಬರುತ್ತೇನೆ, ಈ ಐವರ ಹಿಂದೆ ಕೂರುತ್ತೇನೆ. ನೀನು ಗೆದ್ದರೆ ಚಪ್ಪಾಳೆ ತಟ್ಟಲಾರೆ, ಸೋತರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹೆತ್ತವಳನ್ನು ಎಂಥ ಕಡೆ ತಂದು ನಿಲ್ಲಿಸಿದೆ ಮಗನೇ.